ಬಟನ್ ಹೊಸದರಂತಿದೆ, ಆದರೂ ಟೈರ್ ಸಿಡಿಯಿತು

ಪ್ರಶ್ನೆ: ನಮ್ಮದು ಎರಡು ಆಕ್ಸಲ್ ಇರುವ ಟ್ರಾವೆಲ್ ಟ್ರೇಲರ್, ವಾಹನದ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ. ಒಟ್ಟು ತೂಕದ ಮಿತಿ 3,175 ಕಿಲೋ ಎಂದು ಅದರ ಫಲಕದಲ್ಲಿದೆ. ನಾಲ್ಕೂ ಟೈರ್ ಎಸ್‌ಟಿ 205/75 ಆರ್ 14, ಭಾರ ಹೊರುವ ದರ್ಜೆ, ಅಂದರೆ ಲೋಡ್ ರೇಂಜ್, ಸಿ. ಗಾಡಿಯ ಜೊತೆಗೇ ಬಂದವು, ಪಕ್ಕೆಯ ಮೇಲಿನ ಸಾಲಿನ ಕೊನೆಯಲ್ಲಿ 2318 ಎಂಬ ಸಂಖ್ಯೆ ಇದೆ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಹೊರಡುತ್ತೇವೆ. ಕಳೆದ ಪ್ರವಾಸದಲ್ಲಿ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಬಲಗಡೆಯ ಹಿಂದಿನ ಟೈರ್ ಸಿಡಿಯಿತು. ಬಟನ್, ಅಂದರೆ ನೆಲಕ್ಕೆ ತಾಗುವ ಮೈಯ ಅಚ್ಚು, ಮಾತ್ರ ಹೊಸದರಂತೆಯೇ ಇತ್ತು. ಟೈರ್ ಅಂಗಡಿಯವರು ಆ ಒಂದನ್ನು ಬದಲಾಯಿಸಿದರೆ ಸಾಕು ಅನ್ನುತ್ತಾರೆ. ಗೆಳೆಯರೊಬ್ಬರು ಅದೇ ಅಳತೆಯ ಕಾರಿನ ಟೈರ್ ಹಾಕಿಸಿ, ಮೆತ್ತಗೆ ಓಡುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಲೋಡ್ ರೇಂಜ್ ಡಿ ಹಾಕಿಸಿ ಅನ್ನುತ್ತಾರೆ. ಯಾರ ಮಾತು ಕೇಳಲಿ? ಯಾವ ಕಂಪನಿಯದು ಒಳ್ಳೆಯದು? ಸ್ಟೆಪ್ನಿ ಇದುವರೆಗೆ ನೆಲ ಮುಟ್ಟಿಲ್ಲ, ಅದನ್ನು ಬಳಸಿಕೊಳ್ಳಬಹುದೇ?

ಉತ್ತರ: ಡಿ ಹಾಕಿಸಿ ಎಂದ ಗೆಳೆಯರ ಮಾತು ಕೇಳಿ. ಆದರೆ ಒಂದಲ್ಲ, ನಾಲ್ಕೂ ಹಾಕಿಸಿ. ಹಾಕಿಸುವ ಮೊದಲು ಗಾಡಿಯನ್ನು ತೂಗಿಸಿ, ರಿಮ್ಮಿನ ಬೆನ್ನು ನೋಡಿ, ವಾಲ್ವ್ ಬದಲಾಯಿಸಿ. ಕಾರಿನ ಟೈರಿನ ಸಲಹೆಯನ್ನು ಮರೆತುಬಿಡಿ. ಅವಸರದಲ್ಲಿರುವವರು ಇಷ್ಟು ಓದಿ ಅಂಗಡಿಗೆ ಹೋಗಬಹುದು. ಆದರೆ ಹೊಸ ಟೈರೂ ಇದೇ ರೀತಿ ಹೋಗಬಾರದು ಎಂದಿದ್ದರೆ ಹಳೆಯದು ಯಾಕೆ ಹೋಯಿತು ಎಂಬುದು ಗೊತ್ತಿರಬೇಕು.

ಕಾರಿನ ಟೈರ್ ಸವೆದು ಸಾಯುತ್ತದೆ. ಟ್ರೇಲರಿನ ಟೈರ್ ಸವೆಯುವ ಮೊದಲೇ ಸಾಯುತ್ತದೆ. ನೀವು ಬಟನ್ ನೋಡಿ ಸಮಾಧಾನಪಟ್ಟುಕೊಂಡಿದ್ದು ಕಾರಿನ ಅಭ್ಯಾಸ. ಟ್ರೇಲರಿನ ಚಕ್ರಕ್ಕೆ ಎಂಜಿನ್ನಿನ ಎಳೆತವಿಲ್ಲ, ಸ್ಟಿಯರಿಂಗ್ ಇಲ್ಲ, ಅದು ಬರೀ ಉರುಳುತ್ತದೆ. ವರ್ಷಕ್ಕೆ ನಾಲ್ಕೈದು ಪ್ರವಾಸದಲ್ಲಿ ಬಟನ್ ಎಷ್ಟು ಸವೆದೀತು? ಒಳಗಡೆ ನಡೆಯುವುದು ಬೇರೆಯೇ.

ನಿಮ್ಮ ಟೈರಿನ ವ್ಯಾಸ ಸುಮಾರು 66 ಸೆಂಟಿಮೀಟರ್. ಒಂದು ಕಿಲೋಮೀಟರಿಗೆ ಸುಮಾರು 480 ಸುತ್ತು ಹಾಕುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹದಿಮೂರು ಸಲ ಅದರ ಪ್ರತಿಯೊಂದು ಭಾಗವೂ ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ತಂತಿಯೊಂದನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಬಗ್ಗುವ ಜಾಗ ಬಿಸಿಯಾಗುತ್ತದಲ್ಲ, ಇದೂ ಹಾಗೆಯೇ. ಭಾರ ಹೆಚ್ಚಾದಷ್ಟೂ, ಗಾಳಿ ಕಡಿಮೆಯಾದಷ್ಟೂ ಬಾಗು ಹೆಚ್ಚು, ಬಾಗು ಹೆಚ್ಚಿದಷ್ಟೂ ಕಾವು ಹೆಚ್ಚು. ಆ ಕಾವು ಹೆಚ್ಚು ಕಾಡುವುದು ಬಟನ್ನಿನ ಅಡಿಯಲ್ಲಿರುವ ಉಕ್ಕಿನ ತಂತಿಯ ಪಟ್ಟಿಗಳ ಅಂಚನ್ನು. ಅಲ್ಲಿ ರಬ್ಬರಿಗೂ ಉಕ್ಕಿಗೂ ಇರುವ ಹಿಡಿತ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ದಿನ ಹೆದ್ದಾರಿಯಲ್ಲಿ ಬಟನ್ನಿನ ಪಟ್ಟಿ ಪೂರ್ತಿ ಕಿತ್ತುಬಂದು ಗಾಡಿಯ ತಳವನ್ನೂ ಒಳಗಿನ ಪೈಪುಗಳನ್ನೂ ಹರಿದುಹಾಕುತ್ತದೆ. ಜನ 'ಇದ್ದಕ್ಕಿದ್ದ ಹಾಗೆ ಸಿಡಿಯಿತು' ಅನ್ನುತ್ತಾರೆ. ಅದು ಹಲವು ಪ್ರವಾಸಗಳಿಂದ ಸಿಡಿಯುತ್ತಲೇ ಇತ್ತು.

ಎರಡು ಆಕ್ಸಲ್ ಇರುವ ಟ್ರೇಲರಿಗೆ ಇದರ ಮೇಲೊಂದು ಕಷ್ಟವಿದೆ, ಕಾರಿಗೆ ಇಲ್ಲದ್ದು. ಬಿಗಿಯಾದ ತಿರುವಿನಲ್ಲಿ ಎರಡು ಆಕ್ಸಲ್‌ಗಳ ಚಕ್ರ ಒಂದೇ ವೃತ್ತದಲ್ಲಿ ಸರಾಗವಾಗಿ ಉರುಳಲು ಆಗುವುದಿಲ್ಲ. ಎರಡೂ ನೇರವಾಗಿ ಬಿಗಿದ ಆಕ್ಸಲ್‌ಗಳು, ತಿರುಗಲು ಬರುವುದಿಲ್ಲ. ಹಾಗಾಗಿ ಟೈರುಗಳು ಅಡ್ಡಕ್ಕೆ ಎಳೆಯಲ್ಪಡುತ್ತವೆ. ಇಕ್ಕಟ್ಟಿನ ಜಾಗದಲ್ಲಿ ಗಾಡಿಯನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸುವಾಗ ಹೊರಗೆ ನಿಂತು ಒಮ್ಮೆ ನೋಡಿ: ಮುಂದಿನ ಟೈರಿನ ಪಕ್ಕೆ ಒಂದು ಕಡೆಗೆ ಹೊರಳಿದ್ದರೆ ಹಿಂದಿನದು ಇನ್ನೊಂದು ಕಡೆಗೆ ಹೊರಳಿರುತ್ತದೆ. ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ. ಆ ಹೊತ್ತಿನಲ್ಲಿ ಒಳಗಿನ ಪಟ್ಟಿಗಳು ಒಂದರ ಮೇಲೊಂದು ಜಾರಲು ಹವಣಿಸುತ್ತಿರುತ್ತವೆ. ಟ್ರೇಲರಿಗೆಂದೇ ಮಾಡಿದ ಟೈರಿನ ಪಕ್ಕೆ ಗಡುಸಾಗಿರುವುದಕ್ಕೆ ಇದೂ ಒಂದು ಕಾರಣ. ಕಾರಿನ ಟೈರಿನ ಮೆತ್ತನೆಯ ಪಕ್ಕೆ ಕಾರಿನಲ್ಲಿ ಕುಳಿತವರಿಗೆ ಸುಖ ಕೊಡಲು ಮಾಡಿದ್ದು. ಓಡುವಾಗ ಟ್ರೇಲರಿನಲ್ಲಿ ಕುಳಿತುಕೊಳ್ಳುವವರು ಯಾರೂ ಇಲ್ಲ, ಮೆತ್ತಗೆ ಓಡಿ ಸುಖಪಡುವವರು ಯಾರು?

ಗೆಳೆಯರು ಹೇಳಿದ ಕಾರಿನ ಟೈರಿನ ಲೆಕ್ಕವನ್ನೂ ಮುಗಿಸಿಬಿಡೋಣ. ಅದೇ ಅಳತೆಯ ಕಾರಿನ ಟೈರು, ಅಂದರೆ ಪಿ 205/75 ಆರ್ 14, ಸಾಮಾನ್ಯವಾಗಿ ಲೋಡ್ ಇಂಡೆಕ್ಸ್ 95ರದ್ದು: 690 ಕಿಲೋ ಹೊರುತ್ತದೆ. ಪಿ ಗುರುತಿನ ಟೈರನ್ನು ಟ್ರೇಲರಿಗೆ ಹಾಕುವಾಗ ಆ ಅಂಕಿಯನ್ನು 1.10ರಿಂದ ಭಾಗಿಸಬೇಕೆಂಬ ನಿಯಮವಿದೆ. ಉಳಿಯುವುದು 627 ಕಿಲೋ. ಈಗ ನಿಮ್ಮ ಗಾಡಿಯಲ್ಲಿರುವ ಸಿ ಟೈರ್ 800 ಕಿಲೋ ಹೊರುವಂಥದ್ದು. ಎಂಟು ನೂರು ಹೊರುವುದೇ ಸಿಡಿದಿರುವಾಗ ಆರು ನೂರರದ್ದನ್ನು ಹಾಕುವ ಮಾತು ಬೇಡ.

ಇನ್ನು ತೂಕ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ.

ನಿಮ್ಮ ನಾಲ್ಕು ಟೈರಿನ ಒಟ್ಟು ಶಕ್ತಿ 3,200 ಕಿಲೋ. ಗಾಡಿಯ ಮಿತಿ 3,175. ತಯಾರಕರು ಮಾಡಿದ ಲೆಕ್ಕ ಇದು: ಮಿತಿಯಷ್ಟು ತುಂಬಿದರೂ 25 ಕಿಲೋ ಉಳಿಯಿತು, ಜೊತೆಗೆ ಒಂದಷ್ಟು ಭಾರ ಎರಡನ್ನೂ ಕೂಡಿಸುವ ಹಿಚ್ಚಿನ ಮೇಲೆ, ಅಂದರೆ ಎಳೆಯುವ ವಾಹನದ ಮೇಲೆ ಹೋಗುತ್ತದೆ, ಸಾಕು. ಕಾಗದದ ಮೇಲೆ ತಪ್ಪಿಲ್ಲ. ಆದರೆ ಟೈರಿಗೆ ಸರಾಸರಿ ಗೊತ್ತಿಲ್ಲ, ತನ್ನ ತಲೆಯ ಮೇಲೆ ಬಿದ್ದದ್ದು ಮಾತ್ರ ಗೊತ್ತು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪ್ರವಾಸಕ್ಕೆ ತುಂಬಿದ ಗಾಡಿ 3,100 ಕಿಲೋ ತೂಗಿತು ಎನ್ನಿ. ಹಿಚ್ಚಿನ ಮೇಲೆ ಸಾಮಾನ್ಯವಾಗಿ ಬೀಳಬೇಕಾದದ್ದು ನೂರಕ್ಕೆ 10ರಿಂದ 15. ನೂರಕ್ಕೆ 12 ಹಿಡಿದರೆ 372 ಕಿಲೋ ಅಲ್ಲಿಗೆ ಹೋಯಿತು. ಚಕ್ರಗಳ ಮೇಲೆ 2,728. ನಾಲ್ಕರಿಂದ ಭಾಗಿಸಿದರೆ ಒಂದಕ್ಕೆ 682. ಎಂಟು ನೂರರ ಟೈರಿಗೆ ಇದು ಸಲೀಸು ಅನ್ನಿಸುತ್ತದೆ. ಆದರೆ ಟ್ರೇಲರಿನ ಒಳಗೆ ಅಡುಗೆಮನೆ, ಫ್ರಿಜ್ಜು, ನೀರಿನ ಟ್ಯಾಂಕು ಯಾವ ಕಡೆಗಿವೆ? ಒಂದೇ ಕಡೆಗೆ ಕೂಡಿದ್ದರೆ ಬಲಕ್ಕೆ 1,500, ಎಡಕ್ಕೆ 1,228 ಬರುವುದು ದೊಡ್ಡ ಮಾತಲ್ಲ. ಆ 1,500ರಲ್ಲೂ ಎರಡು ಆಕ್ಸಲ್ ಸಮನಾಗಿ ಹಂಚಿಕೊಳ್ಳಬೇಕೆಂದಿಲ್ಲ. ಹಿಚ್ ಸ್ವಲ್ಪ ಎತ್ತರವಾಗಿ, ಗಾಡಿ ಮೂಗು ಮೇಲೆತ್ತಿ ನಿಂತರೆ ಹಿಂದಿನ ಆಕ್ಸಲ್ ಮೇಲೆ ಭಾರ ಜಾಸ್ತಿ. ಹಿಂದಕ್ಕೆ ನೂರಕ್ಕೆ 54 ಬಿದ್ದರೆ ಬಲಗಡೆಯ ಹಿಂದಿನ ಟೈರಿನ ಮೇಲೆ 810 ಕಿಲೋ. ಗಾಡಿಯ ಒಟ್ಟು ತೂಕ ಮಿತಿಯೊಳಗಿದೆ, ಸರಾಸರಿ ಮಿತಿಯೊಳಗಿದೆ, ಮೂರು ಟೈರುಗಳು ಮಿತಿಯೊಳಗಿವೆ, ನಾಲ್ಕನೆಯದು ಮಾತ್ರ ಹೊರಟ ದಿನದಿಂದ ಮಿತಿ ಮೀರಿ ಓಡುತ್ತಿದೆ. ನಿಮ್ಮದು ಸಿಡಿದದ್ದೂ ಬಲಗಡೆಯ ಹಿಂದಿನದೇ. ಈ ಅಂಕಿಗಳು ನಿಮ್ಮ ಗಾಡಿಯವು ಅನ್ನುತ್ತಿಲ್ಲ. ನಿಮ್ಮ ಗಾಡಿಯವನ್ನು ತೂಗಿಯೇ ತಿಳಿಯಬೇಕು.

ಹಾಗಾಗಿ ಟೈರ್ ಅಂಗಡಿಗಿಂತ ಮೊದಲು ವೇಬ್ರಿಡ್ಜಿಗೆ ಹೋಗಿ. ಪ್ರವಾಸಕ್ಕೆ ಹೊರಡುವಾಗ ಹೇಗೆ ತುಂಬುತ್ತೀರೋ ಹಾಗೇ ತುಂಬಿಕೊಂಡು ಹೋಗಿ, ನೀರು ಒಯ್ಯುವ ಅಭ್ಯಾಸವಿದ್ದರೆ ಟ್ಯಾಂಕಿನಲ್ಲಿ ನೀರೂ ಇರಲಿ. ಒಂದು ಲೀಟರ್ ಅಂದರೆ ಒಂದು ಕಿಲೋ, ನೂರೈವತ್ತು ಲೀಟರಿನ ಟ್ಯಾಂಕು ಸದ್ದಿಲ್ಲದೆ ಕೂತಿರುವ ಇಬ್ಬರು ದೊಡ್ಡ ಆಳುಗಳಷ್ಟು ಭಾರ. ಮೊದಲು ಇಡೀ ಟ್ರೇಲರಿನ ಚಕ್ರಗಳನ್ನು ತೂಗಿಸಿ. ಆಮೇಲೆ ಕಟ್ಟೆಯವರು ಒಪ್ಪಿದರೆ, ನೆಲ ಸಮತಟ್ಟಾಗಿದ್ದರೆ, ಒಂದು ಪಕ್ಕದ ಚಕ್ರಗಳು ಮಾತ್ರ ಕಟ್ಟೆಯ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಿ. ಎರಡರ ವ್ಯತ್ಯಾಸ ಇನ್ನೊಂದು ಪಕ್ಕದ್ದು. ಚಕ್ರಕ್ಕೊಂದರಂತೆ ತೂಗುವ ತಟ್ಟೆಗಳು ಸಿಕ್ಕರೆ ಇನ್ನೂ ಒಳ್ಳೆಯದು. ಅತಿ ಭಾರ ಹೊತ್ತ ಚಕ್ರ ಯಾವುದೋ ಅದರ ಅಂಕಿಯೇ ನಿಮಗೆ ಬೇಕಾದದ್ದು. ಆ ಅಂಕಿ ಟೈರಿನ ಶಕ್ತಿಯ ನೂರಕ್ಕೆ 85ರ ಆಸುಪಾಸಿನಲ್ಲಿ ನಿಂತರೆ ನನಗೆ ನೆಮ್ಮದಿ. ತೊಂಬತ್ತನ್ನು ದಾಟಿದರೆ ಸಾಮಾನನ್ನು ಆ ಕಡೆಯಿಂದ ಈ ಕಡೆಗೆ ಸರಿಸುವುದು, ಬೇಡದ್ದನ್ನು ಮನೆಯಲ್ಲೇ ಬಿಡುವುದು, ಇಲ್ಲವೇ ಟೈರಿನ ಶಕ್ತಿ ಹೆಚ್ಚಿಸುವುದು. ಮೂರನೆಯದನ್ನು ಎಲ್ಲರೂ ಮೊದಲು ಮಾಡುತ್ತಾರೆ, ಹಣ ಕೊಟ್ಟರೆ ಮುಗಿಯುತ್ತದೆ ಎಂದು.

ನಿಮ್ಮ ಅಳತೆಯಲ್ಲೇ ಲೋಡ್ ರೇಂಜ್ ಡಿ ಸಿಗುತ್ತದೆ. ಅದರ ಶಕ್ತಿ 925 ಕಿಲೋ. ಮೇಲಿನ ಉದಾಹರಣೆಯ 810 ಕಿಲೋ ಆಗ ನೂರಕ್ಕೆ 88ರೊಳಗೆ ಬರುತ್ತದೆ. ಅಳತೆ ಅದೇ ಆದ್ದರಿಂದ ಚಕ್ರದ ಗೂಡಿಗೆ ತಗಲುವ ಚಿಂತೆ ಇಲ್ಲ. ದೊಡ್ಡ ಅಳತೆಗೆ ಜಿಗಿಯುವವರು ಇದನ್ನು ಮರೆಯುತ್ತಾರೆ: ಟೈರಿನ ವ್ಯಾಸ ಮೂರು ಸೆಂಟಿಮೀಟರ್ ಹೆಚ್ಚಿದರೆ ಎರಡು ಆಕ್ಸಲ್‌ಗಳ ಟೈರುಗಳ ನಡುವಿನ ಸಂದು ಮೂರು ಸೆಂಟಿಮೀಟರ್ ಕಿರಿದಾಗುತ್ತದೆ, ಮೇಲಿನ ಗೂಡಿಗೂ ಟೈರಿಗೂ ನಡುವೆ ಒಂದೂವರೆ ಕಡಿಮೆಯಾಗುತ್ತದೆ. ಸ್ಪ್ರಿಂಗು ಪೂರ್ತಿ ಅದುಮಿದಾಗ ಅಷ್ಟೇ ಸಾಕು ಉಜ್ಜಲು.

ಆದರೆ ಡಿ ಹಾಕಿಸಿದ ಮಾತ್ರಕ್ಕೆ 925 ಕಿಲೋ ಬಂತು ಅಂದುಕೊಳ್ಳಬೇಡಿ. ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಸಿ ಟೈರಿನ 800 ಕಿಲೋ ಇರುವುದು 50 ಪಿಎಸ್‌ಐ ಗಾಳಿಯಲ್ಲಿ. ಡಿ ಟೈರಿನ 925 ಇರುವುದು 65 ಪಿಎಸ್‌ಐ ಗಾಳಿಯಲ್ಲಿ. ಡಿ ಟೈರ್ ಹಾಕಿಸಿ ಹಳೆಯ ಅಭ್ಯಾಸದಂತೆ 50 ಪಿಎಸ್‌ಐ ಗಾಳಿ ಹೊಡೆಸಿದರೆ ಅದೂ ಹೊರುವುದು 800 ಕಿಲೋ ಅಷ್ಟೇ. ಹೆಚ್ಚು ಹಣ ಕೊಟ್ಟು ಹಳೆಯ ಟೈರನ್ನೇ ಕೊಂಡಂತೆ. ಇದನ್ನು ನಾನು ಎಷ್ಟು ಗಾಡಿಗಳಲ್ಲಿ ನೋಡಿದ್ದೇನೆಂದರೆ, ಈಗ ಯಾರಾದರೂ 'ಡಿ ಹಾಕಿಸಿದ್ದೇನೆ' ಅಂದರೆ ನನ್ನ ಮೊದಲ ಪ್ರಶ್ನೆ 'ಗಾಳಿ ಎಷ್ಟು?'

65 ಪಿಎಸ್‌ಐ ಅಂದಾಗ ಎರಡು ಕಡೆ ನೋಡಬೇಕು. ಒಂದು, ರಿಮ್. ಟೈರ್ ಬಿಚ್ಚಿದಾಗ ರಿಮ್ಮಿನ ಹಿಂಬದಿಯಲ್ಲಿ ಗರಿಷ್ಠ ಭಾರ, ಕೆಲವದರಲ್ಲಿ ಗರಿಷ್ಠ ಒತ್ತಡ ಕೂಡ ಅಚ್ಚೊತ್ತಿರುತ್ತದೆ. ರಿಮ್ 850 ಕಿಲೋ ಎಂದಿದ್ದರೆ 925ರ ಟೈರ್ ಹಾಕಿದರೂ ನಿಮ್ಮ ಮಿತಿ 850. ರಿಮ್ 50 ಪಿಎಸ್‌ಐಗೆ ಮಾತ್ರ ಎಂದಿದ್ದರೆ ಡಿ ಟೈರಿಗೆ ಅರ್ಥವೇ ಇಲ್ಲ, ರಿಮ್ಮೂ ಬದಲಾಗಬೇಕು. ಇನ್ನೊಂದು, ವಾಲ್ವ್. ಒತ್ತಿ ಕೂರಿಸುವ ಸಾಮಾನ್ಯ ರಬ್ಬರ್ ವಾಲ್ವುಗಳು 65 ಪಿಎಸ್‌ಐವರೆಗೆ ಮಾತ್ರ. ತಣ್ಣಗಿರುವಾಗಲೇ 65 ತುಂಬುವ ಟೈರಿಗೆ ಅದು ತುದಿಗಾಲಲ್ಲಿ ನಿಂತ ಹಾಗೆ. ಹೆಚ್ಚಿನ ಒತ್ತಡದ ವಾಲ್ವ್ ಅಥವಾ ನಟ್ಟಿನಿಂದ ಬಿಗಿಯುವ ಲೋಹದ ವಾಲ್ವ್ ಹಾಕಿಸಿ. ಟೈರಿನ ಬೆಲೆಯ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೂ ಅಂಗಡಿಯಲ್ಲಿ ನೀವು ಬಾಯಿಬಿಟ್ಟು ಕೇಳದಿದ್ದರೆ ಹಳೆಯದರಲ್ಲೇ ಮುಗಿಸುವವರು ಇದ್ದಾರೆ.

ಅಂಗಡಿಯಲ್ಲಿ ಅಕ್ಷರಗಳು ಕಾಲಿಗೆ ತೊಡರುವ ಜಾಗವನ್ನೂ ಹೇಳಿಬಿಡುತ್ತೇನೆ. ಎಸ್‌ಟಿ ಅಂದರೆ ಟ್ರೇಲರಿಗೆಂದೇ ಮಾಡಿದ ಟೈರು, ಉತ್ತರ ಅಮೆರಿಕದ ಗುರುತು. ಅಳತೆಯ ನಡುವೆ ಬರುವ ಆರ್ ಅಂದರೆ ರೇಡಿಯಲ್. ಅದೇ ಜಾಗದಲ್ಲಿ ಡಿ ಇದ್ದರೆ, ಎಸ್‌ಟಿ 205/75 ಡಿ 14 ಎಂದಿದ್ದರೆ, ಅದು ಹಳೆಯ ಬಗೆಯ ಬಯಾಸ್ ಟೈರು. ಲೋಡ್ ರೇಂಜ್ ಡಿಗೂ ಅದಕ್ಕೂ ಸಂಬಂಧವಿಲ್ಲ. 'ಡಿ ಬೇಕು' ಎಂದಷ್ಟೇ ಕೇಳಿ ಬಯಾಸ್ ಟೈರ್ ತಂದವರಿದ್ದಾರೆ. ದೂರದ ಹೆದ್ದಾರಿ ಪ್ರಯಾಣಕ್ಕೆ ರೇಡಿಯಲ್ ವಾಸಿ, ಕಾವು ಕಡಿಮೆ. ಎರಡನ್ನೂ ಬೆರೆಸಿ ಹಾಕಲೇಬಾರದು. ಸಿ ಅಕ್ಷರಕ್ಕೂ ಇದೇ ಕಥೆ. ಯುರೋಪಿನ ಕ್ಯಾರವಾನ್‌ಗಳಲ್ಲಿ 185 ಆರ್ 14 ಸಿ ಎಂಬಂಥ ಟೈರುಗಳು ಬರುತ್ತವೆ. ಅಲ್ಲಿ ಕೊನೆಯ ಸಿ ಅಂದರೆ ಸಾಮಾನು ಸಾಗಿಸುವ ವ್ಯಾನುಗಳಿಗೆ ಮಾಡಿದ ಟೈರು ಎಂದರ್ಥ, ಲೋಡ್ ರೇಂಜ್ ಸಿ ಎಂದಲ್ಲ. ಅಕ್ಷರ ಬಿಟ್ಟು ಲೋಡ್ ಇಂಡೆಕ್ಸ್ ಅಂಕಿ ಹಿಡಿಯಿರಿ, ಎಲ್ಲೂ ಮೋಸಹೋಗುವುದಿಲ್ಲ: 100 ಅಂದರೆ 800 ಕಿಲೋ, 102 ಅಂದರೆ 850, 105 ಅಂದರೆ 925, 107 ಅಂದರೆ 975. ಎರಡು ಅಂಕಿ ಜೊತೆಯಲ್ಲಿದ್ದರೆ ಮೊದಲನೆಯದು ನಿಮ್ಮದು. ಎರಡನೆಯದು ಒಂದೇ ಕಡೆ ಜೋಡಿ ಚಕ್ರ ಹಾಕುವ ಲಾರಿಗಳಿಗೆ. ಇನ್ನು ಆರು ಪ್ಲೈ, ಎಂಟು ಪ್ಲೈ ಅನ್ನುತ್ತಾರಲ್ಲ, ಅದು ಹತ್ತಿ ದಾರದ ಪದರಗಳನ್ನು ಎಣಿಸುತ್ತಿದ್ದ ಕಾಲದ ಮಾತು. ಇಂದಿನ ಎಂಟು ಪ್ಲೈ ಟೈರಿನೊಳಗೆ ಎಂಟು ಪದರ ಹುಡುಕಿದರೆ ಸಿಗುವುದಿಲ್ಲ, ಅದು ಬಲದ ಅಂದಾಜು ಮಾತ್ರ.

ಅಳತೆಯ ಕೊನೆಗೆ ಇನ್ನೊಂದು ಅಕ್ಷರ ಇರುತ್ತದೆ, ವೇಗದ್ದು. ಎಲ್ ಅಂದರೆ ಗಂಟೆಗೆ 120 ಕಿಲೋಮೀಟರ್, ಎಂ 130, ಎನ್ 140. ಹಳೆಯ ಎಸ್‌ಟಿ ಟೈರುಗಳಲ್ಲಿ ಈ ಅಕ್ಷರವೇ ಇರುತ್ತಿರಲಿಲ್ಲ. ಇಲ್ಲದಿದ್ದರೆ ಮಿತಿ ಗಂಟೆಗೆ 65 ಮೈಲಿ, ಸುಮಾರು 105 ಕಿಲೋಮೀಟರ್ ಎಂದು ಹಿಡಿಯುವುದು ವಾಡಿಕೆ. ನಿಮ್ಮ ಹಳೆಯ ಟೈರಿನಲ್ಲಿ ಆ ಅಕ್ಷರ ಇದೆಯೇ ನೋಡಿ, ನೀವು ಎಷ್ಟರಲ್ಲಿ ಹೋಗುತ್ತಿದ್ದಿರಿ ಎಂಬುದನ್ನೂ ಜೊತೆಗಿಟ್ಟು ನೋಡಿ. ಹೊಸದರಲ್ಲಿ ಎಲ್ ಅಥವಾ ಅದಕ್ಕಿಂತ ಮೇಲಿನದನ್ನು ಆರಿಸಿ. ಅಷ್ಟು ವೇಗದಲ್ಲಿ ಹೋಗಿ ಎಂದಲ್ಲ, ಆ ಟೈರಿಗೆ ಕಾವು ತಾಳುವ ಶಕ್ತಿ ಹೆಚ್ಚು ಎಂದು. ಎನ್ ಟೈರ್ ಹಾಕಿಸಿಕೊಂಡು ಟ್ರೇಲರನ್ನು 130ರಲ್ಲಿ ಎಳೆಯುವವರಿಗೆ ನನ್ನಲ್ಲಿ ಸಲಹೆ ಇಲ್ಲ.

ಈಗ 2318. ಟೈರಿನ ಪಕ್ಕೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದರ ಜನ್ಮಪತ್ರ: 2018ನೆಯ ಇಸವಿಯ 23ನೆಯ ವಾರ, ಅಂದರೆ ಜೂನ್ ಮೊದಲ ಭಾಗ. 2000ದಿಂದ ಈಚೆಗೆ ಎಲ್ಲ ಟೈರಿಗೂ ಈ ನಾಲ್ಕು ಅಂಕಿಯ ಕ್ರಮವೇ. ಪೂರ್ತಿ ಸಾಲು ಒಂದೇ ಪಕ್ಕೆಯಲ್ಲಿರಬಹುದು, ಹೊರಗೆ ಕಾಣದಿದ್ದರೆ ಗಾಡಿಯ ಕೆಳಗೆ ತೂರಿ ಒಳಪಕ್ಕೆ ನೋಡಬೇಕು.

ಟ್ರೇಲರಿನ ಟೈರಿಗೆ ವಯಸ್ಸು ಬೇಗ ಆಗುತ್ತದೆ, ಅದೂ ನಿಂತಲ್ಲೇ. ರಬ್ಬರನ್ನು ಓಝೋನ್‌ನಿಂದ ಕಾಯಲು ಅದರೊಳಗೆ ಮೇಣದಂಥ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರ್ ಓಡಿ ಬಾಗುತ್ತಿದ್ದರೆ ಅವು ಮೇಲ್ಮೈಗೆ ಬರುತ್ತಾ ಇರುತ್ತವೆ. ತಿಂಗಳುಗಟ್ಟಲೆ ಬಿಸಿಲಲ್ಲಿ ಒಂದೇ ಭಂಗಿಯಲ್ಲಿ ನಿಂತ ಟೈರಿಗೆ ಆ ಆರೈಕೆ ಸಿಗುವುದಿಲ್ಲ. ಮೊದಲು ಕೂದಲೆಳೆಯಂಥ ಬಿರುಕು, ಆಮೇಲೆ ಒಳಗಿನ ರಬ್ಬರ್ ಗಡುಸು. 'ನಾವು ಹೆಚ್ಚು ಓಡಿಸುವುದೇ ಇಲ್ಲ' ಎಂದು ನೀವು ಸಮಾಧಾನದಿಂದ ಬರೆದಿದ್ದೀರಿ. ಟೈರಿನ ಮಟ್ಟಿಗೆ ಅದೇ ತೊಂದರೆ. ಬ್ರಿಟನ್ನಿನ ಕ್ಯಾರವಾನ್ ಬಳಗದಲ್ಲಿ ಐದು ವರ್ಷಕ್ಕೆ ಬದಲಾಯಿಸಿ, ಏಳನ್ನು ದಾಟಿಸಬೇಡಿ ಎಂಬುದು ಹಳೆಯ ಸಲಹೆ. ಜರ್ಮನಿಯಲ್ಲಿ ಕ್ಯಾರವಾನ್ ಎಳೆಯುವ ಕಾರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿಲೋಮೀಟರ್. 100ರಲ್ಲಿ ಹೋಗುವ ಅನುಮತಿ ಬೇಕಿದ್ದರೆ ಇರುವ ಷರತ್ತುಗಳಲ್ಲಿ ಟೈರಿನ ವಯಸ್ಸು ಆರು ವರ್ಷದೊಳಗಿರಬೇಕು, ವೇಗದ ಅಕ್ಷರ ಕನಿಷ್ಠ ಎಲ್ ಆಗಿರಬೇಕು ಎಂಬುದೂ ಸೇರಿದೆ. ನನ್ನ ಲೆಕ್ಕವೂ ಐದು. ಆರನೆಯ ವರ್ಷದಲ್ಲಿ ಬಟನ್ ಎಷ್ಟೇ ಚೆನ್ನಾಗಿರಲಿ, ನಾನು ನಂಬುವುದಿಲ್ಲ.

ಇದರಿಂದಲೇ ಅಂಗಡಿಯವರ 'ಒಂದೇ ಸಾಕು' ಎಂಬ ಮಾತಿಗೂ ಉತ್ತರ ಸಿಕ್ಕಿತು: ಉಳಿದ ಮೂರೂ ಅದೇ ವಾರ ಹುಟ್ಟಿದವು, ಅದೇ ಬಿಸಿಲಲ್ಲಿ ನಿಂತವು. ಇನ್ನೂ ಒಂದಿದೆ. ಹಿಂದಿನದು ಸಿಡಿದಾಗ ಅದರ ಪಾಲಿನ ಭಾರವೆಲ್ಲ ಎಲ್ಲಿಗೆ ಹೋಯಿತು? ಅದೇ ಪಕ್ಕದ ಮುಂದಿನ ಟೈರಿಗೆ. ನೀವು ಗಾಡಿ ನಿಲ್ಲಿಸುವವರೆಗೆ ಅದು ಹೆಚ್ಚುಕಡಿಮೆ ಇಬ್ಬರ ಕೆಲಸವನ್ನು ಒಂದೇ ಮಾಡಿದೆ. ಒಳಗೆ ಏನು ಹರಿದಿದೆಯೋ ಹೊರಗೆ ಕಾಣುವುದಿಲ್ಲ. ಒಂದು ಸಿಡಿದು ಕೆಲವು ವಾರಗಳಲ್ಲಿ ಅದರ ಪಕ್ಕದ್ದೂ ಸಿಡಿಯುವ ಸಂಗತಿ ಈ ಕೆಲಸದಲ್ಲಿ ಇರುವವರಿಗೆ ಹೊಸದಲ್ಲ. ನನಗೇ ಒಮ್ಮೆ ಆಗಿದೆ. ಸಿಡಿದದ್ದನ್ನು ಬದಲಾಯಿಸಿ, ಪಕ್ಕದ್ದನ್ನು ಕೈಯಿಂದ ತಟ್ಟಿ ನೋಡಿ 'ಗಟ್ಟಿ ಇದೆ' ಎಂದು ಹೊರಟಿದ್ದೆ. ಎರಡನೇ ದಿನ ಅದೂ ಹೋಯಿತು, ಜೊತೆಗೆ ಚಕ್ರದ ಗೂಡಿನ ತಗಡನ್ನೂ ಕಿತ್ತುಕೊಂಡು. ತಟ್ಟಿ ನೋಡಲು ಅದೇನು ಕಲ್ಲಂಗಡಿಯೇ ಎಂದು ಮನೆಯವರು ಇಂದಿಗೂ ಹಂಗಿಸುತ್ತಾರೆ. ಅಂದಿನಿಂದ ನಾನು ಮಾಡುವುದು ಇಷ್ಟು: ಜ್ಯಾಕ್ ಕೊಟ್ಟು ಚಕ್ರ ಎತ್ತಿ, ನಿಧಾನವಾಗಿ ತಿರುಗಿಸುತ್ತಾ, ಅಂಗೈಯನ್ನು ಬಟನ್ ಮೇಲೂ ಪಕ್ಕೆಯ ಮೇಲೂ ಸವರುತ್ತಾ ಹೋಗುತ್ತೇನೆ. ಒಂದು ಕಡೆ ಉಬ್ಬು, ತಿರುಗುವಾಗ ಓಲಾಟ, ಒಂದೇ ಜಾಗದಲ್ಲಿ ಬಟನ್ ಹೆಚ್ಚು ಸವೆದಿರುವುದು, ಇವುಗಳಲ್ಲಿ ಯಾವುದು ಕಂಡರೂ ಆ ಟೈರ್ ಮುಗಿಯಿತು.

ಕಂಪನಿ ಯಾವುದು ಎಂದು ಕೇಳಿದ್ದೀರಿ. ಅಮೆರಿಕದ ಟ್ರೇಲರ್ ಬಳಗದಲ್ಲಿ 'ಚೀನಾ ಬಾಂಬ್' ಎಂಬ ಬೈಗುಳವೇ ಇದೆ, ಹೊಸ ಗಾಡಿಯ ಜೊತೆ ಬರುವ ಅಗ್ಗದ ಟೈರುಗಳಿಗೆ. ಅವುಗಳಲ್ಲಿ ಕಳಪೆಯವು ಇಲ್ಲವೆಂದಲ್ಲ. ಆದರೆ ಭಾರ ಹೆಚ್ಚಿ, ಗಾಳಿ ಕಡಿಮೆಯಾಗಿ, ಏಳು ವರ್ಷ ಬಿಸಿಲಲ್ಲಿ ನಿಂತು ಸಿಡಿದ ಟೈರಿಗೆ ಊರಿನ ಹೆಸರು ಹಿಡಿದು ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಗುಡ್‌ಇಯರ್ ಎಂಡ್ಯೂರೆನ್ಸ್, ಮ್ಯಾಕ್ಸಿಸ್, ಕಾರ್ಲೈಲ್ ಹೆಸರುಗಳನ್ನು ನೀವು ಕೇಳಿರುತ್ತೀರಿ. ನಾನು ಹೆಸರಿಗಿಂತ ಮೊದಲು ನೋಡುವುದು ದಿನಾಂಕ. ಹೆಸರುವಾಸಿ ಟೈರು ಅಂಗಡಿಯ ಅಟ್ಟದಲ್ಲಿ ಎರಡು ವರ್ಷ ಕೂತಿದ್ದರೆ ನಿಮ್ಮ ಐದು ವರ್ಷದಲ್ಲಿ ಎರಡು ಅಲ್ಲೇ ಕಳೆಯಿತು. ಹಣ ಕೊಡುವ ಮೊದಲು ನಾಲ್ಕರ ದಿನಾಂಕವನ್ನೂ ಓದಿ. ಆರು ತಿಂಗಳೊಳಗಿನವು ಸಿಕ್ಕರೆ ಸಂತೋಷ, ವರ್ಷ ದಾಟಿದ್ದನ್ನು ವಾಪಸು ಮಾಡಿ. ಟೈರ್ ಸಿಡಿದು ಗಾಡಿಗೆ ಆದ ಹಾನಿಯನ್ನೂ ವಾರಂಟಿ ಭರಿಸುತ್ತದೆಯೇ ಎಂದು ಕೇಳಿ. ಉತ್ತರ ಏನೇ ಬರಲಿ, ಆ ಕಾಗದವನ್ನು ಓದಿ.

ಎಸ್‌ಟಿ ಬಿಟ್ಟು ಸಣ್ಣ ಟ್ರಕ್ಕುಗಳ ಎಲ್‌ಟಿ ಟೈರ್ ಹಾಕಿಸುವವರೂ ಇದ್ದಾರೆ, ಅವರಲ್ಲಿ ತಿಳಿದವರೂ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ: ಅಮೆರಿಕದಲ್ಲಿ ಕಾರು ಮತ್ತು ಎಲ್‌ಟಿ ರೇಡಿಯಲ್ ಟೈರುಗಳು ಸುರಕ್ಷಾ ಮಾನದಂಡ 139ರ ಹೊಸ, ಬಿಗಿಯಾದ ಪರೀಕ್ಷೆಗಳನ್ನು ಪಾಸು ಮಾಡಬೇಕು. ಎಸ್‌ಟಿ ಟೈರುಗಳಿಗೆ ಹಳೆಯ 119ರ ಪರೀಕ್ಷೆಯೇ ಸಾಕು. ಆದರೆ ಅಷ್ಟೇ ಅಳತೆಯ ಎಲ್‌ಟಿ ಟೈರ್ ಹೊರುವ ಭಾರ ಕಡಿಮೆ. ಹದಿನಾರು ಇಂಚಿನ ರಿಮ್ ಇರುವ ದೊಡ್ಡ ಗಾಡಿಗೆ ಯೋಚಿಸಬಹುದಾದ ದಾರಿ ಅದು. ನಿಮ್ಮ ಹದಿನಾಲ್ಕು ಇಂಚಿನಲ್ಲಿ ಆಯ್ಕೆಯೇ ಇಲ್ಲದಷ್ಟು ಕಡಿಮೆ, ಅದರ ಹಿಂದೆ ಅಲೆಯಬೇಡಿ. ನೈಟ್ರೋಜನ್ ತುಂಬಿಸಬೇಕೇ ಎಂದು ನೀವು ಕೇಳಿಲ್ಲ, ಆದರೆ ಅಂಗಡಿಯವರು ಕೇಳುತ್ತಾರೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದೆ.

ಹಾಕಿಸುವ ದಿನ ಬ್ಯಾಲೆನ್ಸಿಂಗ್ ಮಾಡಿಸಿ, ಟ್ರೇಲರಿಗೆ ಯಾಕೆ ಅನ್ನುವವರಿದ್ದರೂ. ನಟ್ಟುಗಳನ್ನು ಗನ್ನಿನಲ್ಲಿ ಬಿಗಿದು ಬಿಟ್ಟರೆ ಸಾಲದು. ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಲ್ಲಿ, ಎದುರುಬದುರಾಗಿ ಬಿಗಿಯಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಸುಮಾರು 15, 40, 80 ಕಿಲೋಮೀಟರ್ ಓಡಿದಾಗ ಒಂದೊಂದು ಸಲ ಮತ್ತೆ ನೋಡಬೇಕು, ಕೂತುಕೊಳ್ಳುವಾಗ ನಟ್ಟು ಸಡಿಲುತ್ತದೆ.

ಗಾಳಿಯನ್ನು ಬೆಳಿಗ್ಗೆ, ಬಿಸಿಲು ಬೀಳುವ ಮೊದಲು, ಗಾಡಿ ಅಲುಗುವ ಮೊದಲು ನೋಡಿ. 65 ಪಿಎಸ್‌ಐ ಅನ್ನುವುದು ತಣ್ಣಗಿನ ಟೈರಿನ ಲೆಕ್ಕ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಒತ್ತಡದಲ್ಲಿ ಎರಡೂವರೆ ಪಿಎಸ್‌ಐಯಷ್ಟು ತಾನಾಗಿ ಏರುತ್ತದೆ. ಮಧ್ಯಾಹ್ನ ಮೀಟರ್ 75 ತೋರಿಸಿತೆಂದು ಗಾಬರಿಯಾಗಿ ಗಾಳಿ ಬಿಡಬೇಡಿ. ಆ ಏರಿಕೆಯನ್ನು ಟೈರ್ ಮಾಡುವವರೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತೀರಿ. ಎಳೆಯುವ ವಾಹನದಲ್ಲಿ ಕುಳಿತವರಿಗೆ ಹಿಂದಿನ ನಾಲ್ಕರಲ್ಲಿ ಒಂದರ ಗಾಳಿ ಇಳಿಯುತ್ತಿರುವುದು ಗೊತ್ತೇ ಆಗುವುದಿಲ್ಲ, ಪಕ್ಕದ ಚಕ್ರ ಎತ್ತಿ ಹಿಡಿದಿರುತ್ತದೆ. ಆದ್ದರಿಂದ ಗಾಳಿಯ ಒತ್ತಡವನ್ನೂ ಕಾವನ್ನೂ ಮುಂದೆ ಕುಳಿತಲ್ಲಿಗೆ ತೋರಿಸುವ ಟಿಪಿಎಂಎಸ್ ಹಾಕಿಸಿ. ಈ ಇಡೀ ಉತ್ತರದಲ್ಲಿ ಟೈರ್ ಬಿಟ್ಟು ಒಂದೇ ಒಂದು ವಸ್ತುವಿಗೆ ಹಣ ಹಾಕಿ ಎಂದರೆ ನಾನು ಹೇಳುವುದು ಅದನ್ನೇ. ವಾಲ್ವಿನ ತಲೆಗೆ ಕೂರಿಸುವ ಸೆನ್ಸರ್ ಆದರೆ ಲೋಹದ ವಾಲ್ವ್ ಬೇಕೇ ಬೇಕು, ರಬ್ಬರಿನದು ಅದರ ಭಾರಕ್ಕೆ ತೊನೆದು ಬುಡದಲ್ಲಿ ಸೀಳುತ್ತದೆ.

ನಿಲ್ಲಿಸುವಾಗ ಬಿಸಿಲಿಗೆ ಬೀಳುವ ಕಡೆಯ ಟೈರಿಗೆ ಹೊದಿಕೆ ಹಾಕಿ, ಗಾಳಿ ಪೂರ್ತಿ ಇರಲಿ. ಮಿರಮಿರ ಮಿಂಚಿಸುವ ಎಣ್ಣೆಯಂಥ ಪಾಲಿಶುಗಳನ್ನು ಬಳಿಯಬೇಡಿ, ಪೆಟ್ರೋಲಿಯಂ ಬೆರೆತವು ರಬ್ಬರಿನೊಳಗಿನ ಕಾಪುವಸ್ತುವನ್ನೇ ಕರಗಿಸುತ್ತವೆ. ನೀರು, ಸಾಬೂನು ಸಾಕು.

ಕೊನೆಗೆ ನಿಮ್ಮ ಸ್ಟೆಪ್ನಿ. ನೆಲ ಮುಟ್ಟಿಲ್ಲ ಎಂಬುದು ಅದರ ಪರವಾದ ಸಾಕ್ಷಿಯಲ್ಲ. ಗಾಡಿಯ ಹಿಂಬದಿಗೆ ನೇತುಹಾಕಿದ್ದರೆ ಅದು ಉಳಿದ ನಾಲ್ಕಕ್ಕಿಂತ ಹೆಚ್ಚು ಬಿಸಿಲು ಕುಡಿದಿದೆ. ಅದರ ದಿನಾಂಕವೂ 2018ರದ್ದೇ ಆಗಿದ್ದರೆ ಖಾಯಂ ಚಕ್ರವಾಗಿ ಬಳಸಬೇಡಿ. ಐದನೆಯ ಹೊಸದನ್ನು ಈಗಲೇ ಕೊಳ್ಳುವುದು ಉತ್ತಮ. ಆಗದಿದ್ದರೆ ಹಳೆಯದನ್ನು ಹತ್ತಿರದ ಟೈರ್ ಅಂಗಡಿಯವರೆಗೆ ನಿಧಾನವಾಗಿ ಕುಂಟುತ್ತಾ ಹೋಗಲು ಮಾತ್ರ ಇಟ್ಟುಕೊಳ್ಳಿ. ಆದರೆ ಅದು ಸಿ ಟೈರು, 50 ಪಿಎಸ್‌ಐಯದ್ದು ಎಂಬುದು ನೆನಪಿರಲಿ. ಉಳಿದ ನಾಲ್ಕಕ್ಕೆ 65 ಹೊಡೆಸುವ ಭರದಲ್ಲಿ ಇದಕ್ಕೂ ಹೊಡೆಸಿಬಿಡುವವರಿದ್ದಾರೆ. ರಿಮ್ಮಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ '50' ಎಂದು ಬರೆದಿಡಿ.